ಓಟ ಬಿಟ್ಟ ಕುದುರೆ ಮಾಸ್ತರಾಗಬೇಕಾದರೆ: ಹನ್ನೆರಡು ಸೂತ್ರಗಳು

ಕುದುರೆಗೆ ಮುಪ್ಪು ಬರುವ ಎಷ್ಟೋ ಮೊದಲೇ ಕೆಲಸ ಕೈಬಿಡುತ್ತದೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಎರಡು ವರ್ಷಕ್ಕೇ ಓಟಕ್ಕಿಳಿಯುವ ಕುದುರೆ ಆರೇಳು ವರ್ಷ ತುಂಬುವ ಹೊತ್ತಿಗೆ ಅಲ್ಲಿಗೆ ಬೇಡವಾಗಿರುತ್ತದೆ. ಚೆನ್ನಾಗಿ ಸಾಕಿದರೆ ಇಪ್ಪತ್ತೈದು ವರ್ಷ ಬದುಕುವ ಪ್ರಾಣಿ ಅದು. ನಮ್ಮ ನವಲಗುಂದದ ಕಡೆ ರೇಸ್ ಕೋರ್ಸ್ ಇಲ್ಲ, ಆದರೆ ಬೇಡವಾದ ಕುದುರೆಗಳಿಗೆ ಬರವಿಲ್ಲ. ಆಟೋ ಬಂದ ಮೇಲೆ ಟಾಂಗಾದಿಂದ ಬಿಚ್ಚಿದ್ದು, ಗಾಡಿ ಶರ್ಯತ್ತಿನಲ್ಲಿ ಕಾಲು ಕೆಡಿಸಿಕೊಂಡದ್ದು, ಮದುವೆ ಮೆರವಣಿಗೆಗೆ ಕುಣಿಸಿ ಕುಣಿಸಿ ಸಾಕಾಗಿ ಬಿಟ್ಟದ್ದು, ಕುರಿಗಾರರ ಹಿಂಡಿನ ಹಿಂದೆ ಸಾಮಾನು ಹೊತ್ತು ಸೋತ ತಟ್ಟು.

ಇಂಥ ಕುದುರೆ ಮಕ್ಕಳಿಗೆ ಸವಾರಿ ಕಲಿಸಬಲ್ಲದು. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಮಕ್ಕಳು ಮೊದಲು ಹತ್ತುವ ಕುದುರೆಗಳಲ್ಲಿ ರೇಸ್ ಬಿಟ್ಟು ಬಂದವು ಬೇಕಾದಷ್ಟಿವೆ. ಕಿತ್ತೂರಿನಲ್ಲಿ 1969ರಲ್ಲಿ ಶುರುವಾದ ರಾಣಿ ಚೆನ್ನಮ್ಮ ಹೆಣ್ಣುಮಕ್ಕಳ ಸೈನಿಕ ಶಾಲೆಯಲ್ಲಿ ಕುದುರೆ ಸವಾರಿ ಕಲಿಕೆಯ ಭಾಗವೇ ಆಗಿದೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಬಸ್ಸಿಳಿದು ಕುದುರೆಯೇರಿದ ರಾಣಿಯನ್ನು ಕತ್ತೆತ್ತಿ ನೋಡುವ ನವಲಗುಂದದ ಹುಡುಗಿಗೂ ಆ ಅವಕಾಶ ಊರಲ್ಲೇ ಸಿಗಬೇಕು. ಅದನ್ನು ಶುರು ಮಾಡಹೊರಟವರಿಗಾಗಿ ಈ ಸೂತ್ರಗಳು.

1. ನಿಲ್ಲುವ ಗುಣಕ್ಕೆ ಬೆಲೆ ಕಟ್ಟಿ.

ಇಷ್ಟು ದಿನ ಓಡಿದ್ದಕ್ಕೆ ಬೆಲೆ ಪಡೆದ ಕುದುರೆ, ಸುಮ್ಮನೆ ನಿಂತದ್ದಕ್ಕೆ ಬೆಲೆ ಪಡೆಯುವ ಜಾಗವೇ ಸವಾರಿ ಶಾಲೆ. ಆರಿಸುವಾಗ ಮೈಕಟ್ಟು, ಬಣ್ಣ, ಕಿವಿಯ ಚೆಂದ ನೋಡಬೇಡಿ. ಹಗ್ಗ ಹಿಡಿದು ನಿಂತಾಗ ಅದು ನಿಮ್ಮ ಪಕ್ಕದಲ್ಲಿ ಉಸಿರು ಬಿಡುತ್ತದೆಯೇ ನೋಡಿ.

1956ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕುದುರೆ ಸಂತೆಗೆ ಹ್ಯಾರಿ ಡಿಲೇಯರ್ ಎಂಬ ಸವಾರಿ ಮಾಸ್ತರು ತಡವಾಗಿ ಬಂದರು. ಒಳ್ಳೆಯವೆಲ್ಲ ಮಾರಿಹೋಗಿ, ಮಿಕ್ಕವು ಕಸಾಯಿಖಾನೆಯ ಲಾರಿ ಹತ್ತಿದ್ದವು. ಆ ಲಾರಿಯಿಂದ ಉಳುಮೆ ಮಾಡಿ ಸವೆದ ಒಂದು ಬೂದು ಕುದುರೆಯನ್ನು ಅವರು 80 ಡಾಲರಿಗೆ ಇಳಿಸಿಕೊಂಡರು. ಸ್ನೋಮ್ಯಾನ್ ಎಂದು ಹೆಸರಿಟ್ಟು, ಲಾಂಗ್ ಐಲೆಂಡಿನ ನಾಕ್ಸ್ ಶಾಲೆಯ ಹೆಣ್ಣುಮಕ್ಕಳಿಗೆ ಸವಾರಿ ಕಲಿಸಲು ಹಚ್ಚಿದರು. ನೆರೆಯವರಿಗೆ ಮಾರಿದರೆ ಬೇಲಿ ಹಾರಿ ವಾಪಸು ಬಂತು. ಜಿಗಿತದ ತರಬೇತಿ ಕೊಟ್ಟ ಮೇಲೆ 1958ರಲ್ಲೂ 1959ರಲ್ಲೂ ಅಮೆರಿಕದ ವರ್ಷದ ಕುದುರೆ ಎಂಬ ಗೌರವ ಪಡೆಯಿತು. ಜನ ಈ ಕಥೆಯಲ್ಲಿ ಪ್ರಶಸ್ತಿಯನ್ನೇ ಹೇಳುತ್ತಾರೆ. ನಮಗೆ ಬೇಕಾದದ್ದು ಅದಕ್ಕಿಂತ ಮೊದಲಿನ ಭಾಗ. ಹೊಸಬರು ಬೆನ್ನ ಮೇಲೆ ತಡಬಡಿಸುವಾಗ ಸಹಿಸಿಕೊಂಡು ನಿಂತ ಗುಣವೇ ಆ ಕುದುರೆಗೆ ಮೊದಲ ಅನ್ನ ಕೊಟ್ಟದ್ದು.

2. ಕಾಗದ ಸರಿಯಿಲ್ಲದೆ ಹಗ್ಗ ಹಿಡಿಯಬೇಡಿ.

ಮಾಲೀಕರು ತಾವಾಗಿ ಕೊಟ್ಟರೆ ದಾನಪತ್ರ ಬರೆಸಿಕೊಳ್ಳಿ. ರೇಸ್ ಕುದುರೆಗೆ ಪಾಸ್‌ಪೋರ್ಟ್, ಮೈಯೊಳಗೆ ಮೈಕ್ರೋಚಿಪ್ ಇರುತ್ತದೆ. ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ಅದರ ದಾಖಲೆ ಸಿಗುತ್ತದೆ. ಹಿಂಸೆಯ ಪ್ರಕರಣದಲ್ಲಿ ಪೊಲೀಸರು ಹಿಡಿದು ನಿಮ್ಮ ಲಾಯಕ್ಕೆ ಬಿಟ್ಟ ಕುದುರೆಯಾದರೆ ಇನ್ನೂ ಎಚ್ಚರ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಮೊಕದ್ದಮೆ ಮುಗಿಯುವ ತನಕ ನೀವು ಅದರ ಪಾಲಕರಷ್ಟೇ, ಒಡೆಯರಲ್ಲ. ಅದರ ಮೇಲೆ ಜೀನು ಹಾಕಿ ಶುಲ್ಕ ಎಣಿಸುವ ಹಾಗಿಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ಹುಟ್ಟಿದ ಕ್ಯೂಪಾದಂಥ ರಕ್ಷಣಾ ಸಂಸ್ಥೆಯ ಕೈಯಿಂದ ಬರುವ ಪ್ರಾಣಿಗೆ ‘ಸವಾರಿಗೆ ಬಳಸಬಾರದು’ ಎಂಬ ಷರತ್ತು ಹಾಕಿದರೆ ವಾದ ಮಾಡಬೇಡಿ. ಮೈ ತೊಳೆಯುವುದು, ಹಗ್ಗ ಹಿಡಿದು ನಡೆಸುವುದು, ಗೊರಸು ಎತ್ತುವುದು, ಇವನ್ನೆಲ್ಲ ಮಕ್ಕಳು ಅಂಥ ಕುದುರೆಯಿಂದಲೇ ಕಲಿಯಬಹುದು.

3. ಹಸಿದ ಕುದುರೆಗೆ ಹೊಟ್ಟೆ ತುಂಬ ಹಾಕಬೇಡಿ.

ಎಲುಬು ಎಣಿಸುವಂತಿರುವ ಕುದುರೆಯನ್ನು ಕಂಡರೆ ಒಂದು ಬುಟ್ಟಿ ನೆನೆಸಿದ ಹುರುಳಿ ಮುಂದಿಡಬೇಕೆನಿಸುತ್ತದೆ. ಆ ಬುಟ್ಟಿಯೇ ಜೀವ ತೆಗೆಯಬಹುದು. ಬಹುಕಾಲ ಉಪವಾಸವಿದ್ದ ಮೈಗೆ ಒಮ್ಮೆಲೇ ಕಾಳು ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಪ್ರಮಾಣ ಕುಸಿಯುತ್ತದೆ. ಹೃದಯ ಸೋಲುತ್ತದೆ. ಮೊದಲ ಮೂರು ದಿನ ಚೇತರಿಸಿಕೊಂಡಂತೆ ಕಂಡ ಕುದುರೆ ನಾಲ್ಕನೆಯ, ಐದನೆಯ ದಿನ ಬಿದ್ದುಬಿಡುವುದು ಹೀಗೆ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇದಕ್ಕೆ ಕಂಡುಕೊಂಡ ದಾರಿಗೆ ಬೇಕಾದ ಮೇವು ನಮ್ಮಲ್ಲೇ ಬೆಳೆಯುತ್ತದೆ, ಅದೇ ಕುದುರೆ ಮೆಂತೆ. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನು, ಮೆಗ್ನೀಸಿಯಂ ಹೆಚ್ಚು. ಮೊದಲ ಮೂರು ದಿನ ನಾಲ್ಕು ತಾಸಿಗೊಮ್ಮೆ ಸುಮಾರು ಅರ್ಧ ಕಿಲೋ ಒಣಗಿಸಿದ ಕುದುರೆ ಮೆಂತೆ. ರಾತ್ರಿಯೂ ಎದ್ದು ಹಾಕಬೇಕು. ಆಮೇಲೆ ಪ್ರಮಾಣ ಹೆಚ್ಚಿಸುತ್ತ, ಸಲ ಕಡಿಮೆ ಮಾಡುತ್ತ ಹೋಗಿ. ಹತ್ತು ದಿನ ದಾಟಿದರೆ ದೊಡ್ಡ ಗಂಡಾಂತರ ಕಳೆದ ಹಾಗೆ. ಮೈ ತುಂಬಿಕೊಳ್ಳಲು ಮೂರರಿಂದ ಐದು ತಿಂಗಳು ಬೇಕು. 1983ರಲ್ಲಿ ಹೆನೆಕೆ ಎಂಬ ವಿಜ್ಞಾನಿ ಕುದುರೆಯ ಮೈಗೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿ ತಂದರು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವ ಸ್ಥಿತಿಗೆ 5. ಆ ಅಂಕ ಬರುವ ತನಕ ಜೀನು ಅಟ್ಟದ ಮೇಲೇ ಇರಲಿ.

4. ನಮ್ಮ ಹೊಲದ ಬೆಳೆಯಲ್ಲೇ ಕುದುರೆಗೆ ವಿಷವಿದೆ, ತಿಳಿದಿರಿ.

ನವಲಗುಂದದವರು ದನ ಸಾಕಿ ಪಳಗಿದವರು. ದನಕ್ಕೆ ಸಲ್ಲುವುದೆಲ್ಲ ಕುದುರೆಗೆ ಸಲ್ಲದು. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ ಮತ್ತು ಮೆಲುಕು. ಕುದುರೆಗೆ ಒಂದೇ ಸಣ್ಣ ಜಠರ, ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಇಲ್ಲ.

ಹಸಿ ಜೋಳದ ಹೊಲಕ್ಕೆ ಕುದುರೆ ಬಿಡಲೇಬೇಡಿ. ದಿನಗಟ್ಟಲೆ ಹಸಿ ಜೋಳ ಮೇಯ್ದ ಕುದುರೆಗೆ ಮೂತ್ರಕೋಶ ಉರಿಯುತ್ತದೆ, ಹಿಂಗಾಲು ತೂರಾಡುತ್ತವೆ, ಕೆಲವು ಮತ್ತೆ ಸರಿಯಾಗುವುದೇ ಇಲ್ಲ. ಚೆನ್ನಾಗಿ ಒಣಗಿದ ಕಣಿಕಿಯಲ್ಲಿ ಆ ಭಯ ಕಡಿಮೆ, ಆದರೆ ಸತ್ವವೂ ಕಡಿಮೆ. ಬೂಷ್ಟು ಹಿಡಿದ ಗೋವಿನಜೋಳ ಇನ್ನೂ ಕೆಟ್ಟದ್ದು. ಅದರ ಶಿಲೀಂಧ್ರ ಉಗುಳುವ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ, ಅದಕ್ಕೆ ಮದ್ದಿಲ್ಲ. ಉಳ್ಳಾಗಡ್ಡಿಯ ದರ ಬಿದ್ದ ವರ್ಷ ರಸ್ತೆ ಬದಿ ಸುರಿದ ರಾಶಿಯಿಂದಲೂ ದೂರವಿಡಿ. ಹೆಚ್ಚು ತಿಂದರೆ ಕೆಂಪು ರಕ್ತಕಣಗಳು ಒಡೆಯುತ್ತವೆ.

ನೀರಿನ ಮಾತೂ ಇಲ್ಲೇ ಹೇಳಬೇಕು. ಒಂದು ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಸವಳು ಬೋರಿನ ನೀರನ್ನು ಅದು ಮೂಸಿ ಬಿಟ್ಟರೆ ಹಟ ಎಂದುಕೊಳ್ಳಬೇಡಿ. ಕಡಿಮೆ ಕುಡಿದ ಕುದುರೆಗೆ ಒಣ ಮೇವು ಕರುಳಲ್ಲಿ ಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಕುದುರೆಗಳನ್ನು ಹೆಚ್ಚಾಗಿ ಕೊಲ್ಲುವ ಕಾಯಿಲೆಗಳಲ್ಲಿ ಅದು ಮುಂದಿನ ಸಾಲಿನದು. ಕಾಲುವೆಯ ಇಲ್ಲವೇ ಕೆರೆಯ ಸಿಹಿನೀರಿನ ಏರ್ಪಾಡು ಮೊದಲು, ಲಾಯದ ಪಾಯ ಆಮೇಲೆ.

5. ರೋಗಪರೀಕ್ಷೆ ಮುಗಿಯದೆ ಮಗುವಿನ ಹತ್ತಿರ ಬಿಡಬೇಡಿ.

ಗ್ಲ್ಯಾಂಡರ್ಸ್ ಕುದುರೆಯಿಂದ ಮನುಷ್ಯರಿಗೂ ಅಂಟುವ ಮಾರಕ ರೋಗ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ನಡೆಸುತ್ತದೆ. ರಕ್ತದ ಮಾದರಿಯನ್ನು ಪಶುವೈದ್ಯರ ಮೂಲಕ ಕಳಿಸಬೇಕು. ಕಚ್ಚುವ ನೊಣದಿಂದ ಬರುವ ಸರ್ರಾ, ಜಂತುಹುಳು, ಹಲ್ಲಿನ ಚೂಪು ಅಂಚು, ಇವನ್ನೂ ನೋಡಿಸಿ. ಒಳಗೆ ಕೆನ್ನೆ ಕೊಯ್ಯುವ ಹಲ್ಲಿದ್ದರೆ ಕುದುರೆ ಲಗಾಮಿಗೆ ತಲೆ ಎಸೆಯುತ್ತದೆ, ನಾವು ಅದನ್ನು ಪೊಗರು ಎನ್ನುತ್ತೇವೆ. ಧನುರ್ವಾಯು ಚುಚ್ಚುಮದ್ದು ಕುದುರೆಗೂ ಬೇಕು, ಲಾಯಕ್ಕೆ ಬರುವ ಪ್ರತಿಯೊಬ್ಬರಿಗೂ ಬೇಕು. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರಿಗೆ ದಿನವೂ ಸಿಗುವುದು ಎಮ್ಮೆ, ಆಕಳು, ಕುದುರೆ ಅಪರೂಪ. ಅವರನ್ನು ಮೊದಲ ದಿನವೇ ಕರೆದು ಪರಿಚಯ ಬೆಳೆಸಿ. ಗದಗಿನ ಪಶುವೈದ್ಯಕೀಯ ಕಾಲೇಜಿನ ನಂಟು ಇಟ್ಟುಕೊಳ್ಳಿ, 1962 ಸಹಾಯವಾಣಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

6. ಎರಿ ನೆಲದಲ್ಲಿ ಪಾಠ ಬೇಡ.

ಮಳೆಗಾಲದಲ್ಲಿ ಎರಿ ಮಣ್ಣು ಕಾಲು ಹಿಡಿದು ಎಳೆಯುತ್ತದೆ, ಹಳೇ ಪೆಟ್ಟಿನ ನರ ಮತ್ತೆ ಹರಿಯುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿಬಿಟ್ಟಾಗ ಆ ಬಿರುಕಿನಲ್ಲಿ ಗೊರಸು ಸಿಕ್ಕಿದರೆ ಕಾಲು ಮುರಿಯುತ್ತದೆ. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ ಸಾಕು. ಸುತ್ತಲಿಗಿಂತ ಒಂದೂವರೆ ಅಡಿ ಎತ್ತರಕ್ಕೆ ಗರಸು ಹಾಕಿ, ಒತ್ತಿ, ನೀರು ಹರಿಯಲು ಇಳಿಜಾರು ಕೊಟ್ಟು, ಮೇಲೆ ಎರಡು ಮೂರು ಇಂಚು ಉಸುಕು ಹಾಸಿ. ಹಣವಿದ್ದದ್ದು ಒಂದಕ್ಕೇ ಆದರೆ ಚೆಂದದ ಕಮಾನಿಗೆ ಹಾಕದೆ ಈ ನೆಲಕ್ಕೆ ಹಾಕಿ.

7. ಹಿಂದಿನ ಕೆಲಸವನ್ನು ಅದರ ಮೈಮೇಲೆ ಓದಿ.

ರೇಸ್ ಕುದುರೆ ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಹೋಗಲು ಕಲಿತಿರುತ್ತದೆ. ಹೆದರಿದ ಮಗು ಮಾಡುವುದೂ ಲಗಾಮು ಬಿಗಿ ಹಿಡಿಯುವುದನ್ನೇ. ಈ ಎರಡೂ ಕೂಡಿದರೆ ಅನಾಹುತ. ಆದ್ದರಿಂದ ರೇಸ್ ಕುದುರೆಗೆ ಮೊದಲು ಕೆಲವು ತಿಂಗಳು ಯಾವ ಕೆಲಸವೂ ಬೇಡ. ಆಮೇಲೆ ಮಾತಿಗೆ, ಸವಾರರ ಕೂತ ಭಾರಕ್ಕೆ ನಿಲ್ಲುವುದನ್ನು ಹೊಸದಾಗಿ ಕಲಿಸಿ. ಒಂದೇ ದಿಕ್ಕಿಗೆ ತಿರುಗಿ ಓಡಿದ ಮೈ ಒಂದು ಕಡೆ ಬಿಗಿದಿರುತ್ತದೆ, ಎರಡೂ ಕಡೆ ಅಗಲ ಸುತ್ತು ಹಾಕಿಸಿ.

ಟಾಂಗಾ ಕುದುರೆಗೆ ಮಾತು ತಿಳಿಯುತ್ತದೆ, ಬಸ್ಸಿನ ಹಾರ್ನಿಗೆ ಬೆಚ್ಚುವುದಿಲ್ಲ. ಆದರೆ ಕಣ್ಣಪಟ್ಟಿ ತೆಗೆದ ದಿನ ಅದಕ್ಕೆ ತನ್ನ ಬೆನ್ನ ಹಿಂದಿನ ಜಗತ್ತು ಮೊದಲ ಸಲ ಕಾಣುತ್ತದೆ. ಬೆನ್ನ ಮೇಲೆ ಮನುಷ್ಯ ಅಲ್ಲಾಡುವುದೂ ಹೊಸದು. ಮೆರವಣಿಗೆಯ ಕುದುರೆಗೆ ಡೊಳ್ಳು ಕೇಳಿದರೆ ಕುಣಿಯಬೇಕೆಂಬ ಅಭ್ಯಾಸ, ಬಾಯಿ ಗಾಯಗೊಂಡು ಗಟ್ಟಿಯಾಗಿರುತ್ತದೆ. ಅದಕ್ಕೆ ಕಬ್ಬಿಣವಿಲ್ಲದ ಲಗಾಮು ಹಾಕಿ ನೋಡಿ. ಕುರಿಗಾರರ ತಟ್ಟು ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಒಳ್ಳೆಯ ಮಾಸ್ತರು. ಮರಿ, ನಾಯಿ, ಕೋಳಿ, ಹಸುಗೂಸುಗಳ ನಡುವೆಯೇ ಬೆಳೆದದ್ದು, ಭಾರಕ್ಕೆ ಹೆದರದು, ಎತ್ತರವೂ ಕಡಿಮೆ. ಎಂಟು ವರ್ಷದ ಮಗು ಬಿದ್ದರೂ ನೆಲ ದೂರವಿರುವುದಿಲ್ಲ.

8. ಮೊದಲ ಪಾಠ ಕಟ್ಟೆಯ ಪಕ್ಕದಲ್ಲಿ.

ಎರಡು ಮೆಟ್ಟಿಲಿನ ಒಂದು ಕಟ್ಟೆ ಕಟ್ಟಿಸಿ. ಕುದುರೆಯನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿ, ನೀವು ಕಟ್ಟೆ ಹತ್ತಿ, ಸುಮ್ಮನೆ ಇಳಿಯಿರಿ. ಅದು ಸರಿದುಹೋದರೆ ಬೈಯದೆ, ಹೊಡೆಯದೆ, ಒಂದು ಸುತ್ತು ನಡೆಸಿ ಮತ್ತೆ ಅದೇ ಜಾಗಕ್ಕೆ ತನ್ನಿ. ಮರುದಿನ ಬೆನ್ನ ಮೇಲೆ ಕೈಯಿಡಿ. ಇನ್ನೊಂದು ದಿನ ಜೀನಿನ ಮೇಲೆ ತೋಳಿನ ಭಾರ ಹಾಕಿ, ರಿಕಾಪನ್ನು ಪಟಪಟ ಬಡಿಯಿರಿ. ಓಟಕ್ಕೆ ಬಳಸಿದ ಕುದುರೆಗೆ ಇದು ತೀರಾ ವಿಚಿತ್ರ. ಜಾಕಿಯನ್ನು ಎತ್ತಿ ಕೂರಿಸುವುದರೊಳಗೆ ಅದು ಹೆಜ್ಜೆ ಹಾಕಿಯೇ ಬಿಟ್ಟಿರುತ್ತಿತ್ತು.

ಈ ಹೊತ್ತಿನಲ್ಲಿ ಕಣ್ಣು ಕುದುರೆಯ ಮೇಲಿರಲಿ. ಮೊದಲು ಕತ್ತು ಕಂಬದ ಹಾಗೆ ಎದ್ದು ನಿಂತಿರುತ್ತದೆ, ಮೂಗಿನ ಹೊಳ್ಳೆ ಅಗಲ, ಬಾಲ ಒತ್ತಿಕೊಂಡದ್ದು. ಕ್ರಮೇಣ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ತುಟಿ ಸಡಿಲವಾಗುತ್ತದೆ, ಬಾಯಲ್ಲಿ ಏನೂ ಇಲ್ಲದೆಯೇ ಅಗಿಯುತ್ತದೆ, ಕತ್ತು ಒಂದು ಗೇಣು ಇಳಿಯುತ್ತದೆ. ಕೊನೆಗೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರುತ್ತದೆ. ಓಡಿಹೋಗಬೇಕೆಂದುಕೊಂಡ ಪ್ರಾಣಿ ಹಾಗೆ ಕಾಲು ಬಿಡುವುದಿಲ್ಲ. ಅದು ಕಂಡ ದಿನ ಪಾಠ ಅಲ್ಲಿಗೇ ನಿಲ್ಲಿಸಿ, ಜೀನು ಇಳಿಸಿ, ಮೇವಿಗೆ ಬಿಡಿ. ಸುಮ್ಮನೆ ನಿಂತರೆ ಒಳ್ಳೆಯದಾಗುತ್ತದೆ ಎಂಬುದು ಅದರ ತಲೆಗೆ ಇಳಿಯುವುದು ಹೀಗೆಯೇ.

9. ಟೇಪ್ ಹಿಡಿದು ತೂಕ ಲೆಕ್ಕ ಹಾಕಿ.

ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಹೆಗಲ ಮೂಳೆಯಿಂದ ಪೃಷ್ಠದ ಮೂಳೆಯ ತನಕದ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 170, ಉದ್ದ 150 ಬಂದರೆ ತೂಕ ಸುಮಾರು 365 ಕಿಲೋ. ಜೀನು ಸೇರಿ ಸವಾರರ ಭಾರ ಅದರ ಶೇ. 20 ಮೀರಬಾರದು, ಅಂದರೆ 73 ಕಿಲೋ. ಚೇತರಿಸಿಕೊಂಡು ಬಂದ ಕುದುರೆಗೆ ನಾನು ಶೇ. 15ಕ್ಕೇ ನಿಲ್ಲಿಸಿ ಎನ್ನುತ್ತೇನೆ, ಅಂದರೆ 55 ಕಿಲೋ. ಶುಲ್ಕ ಕೊಟ್ಟ ಸಾಹುಕಾರರು ತಾವೂ ಒಂದು ಸುತ್ತು ಹಾಕಬೇಕೆಂದರೆ ಈ ಲೆಕ್ಕ ತೋರಿಸಿ, ವಿನಯದಿಂದ ಇಲ್ಲ ಎನ್ನಿ.

10. ಟಾಂಗಾ ಹೊಡೆದ ಕಾಕಾರನ್ನು ಹುಡುಕಿ ಕರೆತನ್ನಿ.

ಹುಬ್ಬಳ್ಳಿ, ಧಾರವಾಡ, ವಿಜಯಪುರದ ಟಾಂಗಾ ಮನೆತನಗಳಲ್ಲಿ ಕುದುರೆಯ ಜ್ಞಾನ ಇನ್ನೂ ಇದೆ. ಲದ್ದಿ ನೋಡಿ ಹೊಟ್ಟೆಯ ಸ್ಥಿತಿ ಹೇಳುವ, ಗೊರಸಿನ ಬಿಸಿ ಮುಟ್ಟಿ ಕುಂಟು ಎಲ್ಲಿಂದ ಬಂತೆಂದು ಹೇಳುವ ಹಿರಿಯರು ಈಗ ಅಂಗಡಿಗಳ ಮುಂದೆ ಕಾವಲು ಕೂತಿರಬಹುದು. ಕುದುರೆಗೆ ಹೊಸ ಕೆಲಸ ಸಿಗುವಾಗ ಅವರಿಗೂ ಸಿಗಬೇಕು. ಸಂಬಳ ಕೊಟ್ಟು, ಮಕ್ಕಳೆದುರು ಮಾಸ್ತರರೆಂದೇ ಪರಿಚಯಿಸಿ. ಎತ್ತಿಗೆ ಲಾಳ ಕಟ್ಟುವವರು ನಮ್ಮ ಸಂತೆಗಳಲ್ಲಿ ಸಿಗುತ್ತಾರೆ, ಆದರೆ ಎತ್ತಿನ ಗೊರಸು ಸೀಳಿದ್ದು, ಕುದುರೆಯದು ಒಂದೇ ಬಟ್ಟಲು. ಒಂದು ಮೊಳೆ ಅರ್ಧ ಇಂಚು ಒಳಗೆ ಹೋದರೂ ತಿಂಗಳುಗಟ್ಟಲೆ ಕುಂಟು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಕೆಲಸ ಕುದುರೆ ಬಲ್ಲವರದೇ ಆಗಲಿ.

ಜೀನಿನ ಕೆಳಗೆ ಹಾಕಲು ದೂರದ ಊರಿನ ಫೋಮ್ ಗಾದಿ ತರಿಸುವ ಮುಂಚೆ ನವಲಗುಂದದ ಜಮಖಾನ ನೇಯುವ ಅಕ್ಕಂದಿರನ್ನು ಕೇಳಿ ನೋಡಿ. ಹತ್ತಿಯ ನೇಯ್ಗೆ ಬೆವರು ಹೀರುತ್ತದೆ. ಗಂಟು, ದಪ್ಪ ಅಂಚು ಇಲ್ಲದೆ ಸಪಾಟಾಗಿ ನೇಯ್ದುಕೊಟ್ಟರೆ ಬೆನ್ನು ಹುಣ್ಣಾಗುವುದಿಲ್ಲ.

11. ಮಕ್ಕಳು ಮೊದಲು ನೆಲದ ಮೇಲೆ ಕಲಿಯಲಿ. ಕುದುರೆಗೆ ದಿನಕ್ಕೆ ಎರಡೇ ಪಾಠ.

“ಕಾಕಾ, ಕುದರಿ ಒದೀತದೇನ್ರಿ?” ಎಂದು ಮಗು ಕೇಳಿಯೇ ಕೇಳುತ್ತದೆ. ಇಲ್ಲ ಎಂದು ಸುಳ್ಳು ಹೇಳಬೇಡಿ. “ಹಿಂದ ನಿಂತ್ರ ಒದೀತದ. ಎಡ ಹೆಗಲ ಕಡಿಂದ, ಮಾತಾಡಿಸ್ಕೋತ ಬಾ” ಎನ್ನಿ. ಮೊದಲ ಕೆಲವು ವಾರ ಬ್ರಷ್ ಹಿಡಿಯುವುದು, ಹಗ್ಗ ಹಿಡಿದು ನಡೆಸುವುದು, ನೀರು ಕುಡಿಸುವುದಷ್ಟೇ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂಬುದು ಮೊದಲ ದಿನದ ಮೊದಲ ಮಾತು. ಹತ್ತುವಾಗ ತಲೆಗೆ ಹೆಲ್ಮೆಟ್, ಕಾಲಿಗೆ ಸಣ್ಣ ಹಿಮ್ಮಡಿಯ ಶೂ. ಚಪ್ಪಲಿಯ ಕಾಲು ರಿಕಾಪಿನಲ್ಲಿ ಜಾರಿ ಸಿಕ್ಕಿಬೀಳುತ್ತದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಎರಡು ಬೆಳ್ಳಿ ಪದಕ ಗೆದ್ದದ್ದನ್ನು ಮಕ್ಕಳಿಗೆ ಹೇಳಿ. ಅವರೂ ಲಾಯದ ಕಸ ಹೊಡೆಯುವ, ಗೊರಸು ತೊಳೆಯುವ ಕೆಲಸ ಬಲ್ಲವರೇ ಎಂಬುದನ್ನೂ ಹೇಳಿ.

ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಪಾಠ ಮುಗಿದು ಹದಿನೈದು ನಿಮಿಷವಾದರೂ 60ರ ಮೇಲೇ ಇದ್ದರೆ ಆ ದಿನ ಅದಕ್ಕೆ ಹೆಚ್ಚಾಗಿದೆ. ಬೇಸಿಗೆಯಲ್ಲಿ ಬೆಳಗಿನ ಎಂಟರೊಳಗೆ, ಸಂಜೆ ಐದರ ಮೇಲೆ ಮಾತ್ರ ಪಾಠ. ವಾರಕ್ಕೊಂದು ದಿನ ಪೂರ್ತಿ ರಜೆ. ನವಲಗುಂದದ ರಾಮಲಿಂಗ ಕಾಮಣ್ಣನ ಹೋಳಿಯ ದಿನಗಳಲ್ಲಿ ಹಲಗೆಯ ಸದ್ದು, ಬಣ್ಣ, ಜನಜಂಗುಳಿ ನಡುವೆ ಲಾಯದ ಬಾಗಿಲು ಮುಚ್ಚಿರಲಿ. ಬಣ್ಣ ಎರಚಿದ ಕುದುರೆಯ ಕಣ್ಣು ತೊಳೆಯುವ ಪಾಡು ಯಾರಿಗೂ ಬೇಡ.

12. ಕೊನೆಯ ದಿನದ ಲೆಕ್ಕ ಮೊದಲ ದಿನವೇ ಬರೆಯಿರಿ.

400 ಕಿಲೋದ ಕುದುರೆ ದಿನಕ್ಕೆ ಆರರಿಂದ ಎಂಟು ಕಿಲೋ ಒಣ ಮೇವು ತಿನ್ನುತ್ತದೆ. ವರ್ಷಕ್ಕೆ ಸುಮಾರು ಎರಡೂವರೆ ಟನ್. ಪಾಠ ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಎರಡು ಕುದುರೆಗೆ ವರ್ಷವಿಡೀ ಮೇವು ಕಾಣದವರು ನಾಲ್ಕು ಕುದುರೆ ತಂದರೆ, ಆ ನಾಲ್ಕನ್ನೂ ಇನ್ನೊಬ್ಬರು ಬಂದು ಬಿಡಿಸಬೇಕಾಗುತ್ತದೆ. ಆದ್ದರಿಂದ ಎರಡರಿಂದ ಶುರು ಮಾಡಿ. ಒಂದಕ್ಕೊಂದು ಜತೆಯೂ ಆಗುತ್ತದೆ, ಒಂಟಿ ಕುದುರೆ ಕೊರಗುತ್ತದೆ. ಶುಲ್ಕದಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಲಿ. ಲದ್ದಿ ಗೊಬ್ಬರವನ್ನು ಮೆಣಸಿನಕಾಯಿ ಬೆಳೆಯುವವರಿಗೆ ಕೊಟ್ಟು ಬಂದದ್ದೂ ಅದೇ ಖಾತೆಗೆ.

ಕಟ್ಟೆಯ ಹತ್ತಿರ ಬರಲು ಹಿಂದೇಟು ಹಾಕುವುದು, ಜೀನು ಕಂಡರೆ ಕಿವಿ ಹಿಂದೊತ್ತುವುದು, ಬೆಳಗ್ಗೆ ಮೊದಲ ಹೆಜ್ಜೆಗೆ ಕುಂಟುವುದು ಕಂಡರೆ ಪಶುವೈದ್ಯರಿಗೆ ತೋರಿಸಿ, ಅವರು ಸಾಕು ಎಂದ ದಿನ ಸವಾರಿ ನಿಲ್ಲಿಸಿ. ಆಮೇಲೆ ಅದಕ್ಕೆ ಯಾರು ಮೇವು ಹಾಕುತ್ತಾರೆ, ಯಾವ ಹೊಲದಲ್ಲಿ ಇರುತ್ತದೆ, ನೋವು ತಾಳಲಾರದಂತಾದರೆ ನಿರ್ಧಾರ ಯಾರದು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ. ಆ ಕುದುರೆಯನ್ನು ಮಾರುವುದಿಲ್ಲ ಎಂಬ ಸಾಲೂ ಅದರಲ್ಲಿರಲಿ. ಒಂದು ಪ್ರತಿ ಲಾಯದ ಕಪಾಟಿನಲ್ಲಿ, ಒಂದು ಪಶುವೈದ್ಯರ ಹತ್ತಿರ, ಒಂದು ಪಾಠಕ್ಕೆ ಮಕ್ಕಳನ್ನು ಕಳಿಸುವ ಮನೆಗಳಿಗೆ.